ಮೋಟಾರು ಗೋರೆ

ನಮ್ಮೂರಿನಲ್ಲಿ ಕಾವ್ಯವನ್ನು ಚೆನ್ನಾಗಿ ಓದಿದರೆ ಹಿಮ ಬೀಳುತ್ತದೆ. ಓದುಮನೆಯ ತೊಲೆಗಳ ಕೆಳಗೆ ಮೊದಲು ಹೊಗೆಯ ಹಾಗೆ ಏನೋ ಸುಳಿದಾಡುತ್ತದೆ, ಆಮೇಲೆ ಸಣ್ಣಗೆ ಉದುರಲು ಶುರುವಾಗುತ್ತದೆ. ಹೊರಗೆ ಮಾಘಮಾಸದ ಬಿಸಿಲು; ಎದುರು ಮನೆಯ ಜಗುಲಿಯ ಮೇಲೆ ಹಪ್ಪಳ ಒಣಗುತ್ತಿರುತ್ತದೆ. ಒಳಗೆ ನಾವು ಕಂಬಳಿ ಹೊದ್ದು, ಗೋಣಿತಾಟಿನ ಮೇಲೆ ಕಾಲು ಮಡಚಿ, ಮಂಗನ ಟೋಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸಿಕೊಂಡು ಕೂತಿರುತ್ತೇವೆ. ಕಿವಿ ಮುಚ್ಚಿದರೆ ಕೇಳಿಸುವುದಿಲ್ಲ, ತೆರೆದರೆ ಚಳಿ. ಓದು ಮುಗಿದ ಮೇಲೆ ಹೆಂಗಸರು ಮೊರದಲ್ಲಿ ಹಿಮವನ್ನು ಬಾಚಿ ಕೊಡಕ್ಕೆ ತುಂಬಿಕೊಂಡು ಹೋಗಿ ತುಳಸಿಗೆ ಹಾಕುತ್ತಾರೆ. ಪಾನಕದ ಅಂಗಡಿಯವನು ಹಿಂಬಾಗಿಲಲ್ಲಿ ನಿಂತು ಎರಡು ಬಕೆಟ್ ಕೇಳಿಕೊಂಡು ಒಯ್ಯುತ್ತಾನೆ.

ಒಬ್ಬೊಬ್ಬರ ಓದಿಗೆ ಒಂದೊಂದು ಥರದ ಹಿಮ. ಕೆಲವರದು ಉಪ್ಪಿಟ್ಟಿನ ರವೆಯಂತೆ ಒಣಒಣ, ಊದಿದರೆ ಹಾರಿಹೋಗುವಂಥದು. ಕೆಲವರದು ತುರಿದ ತೆಂಗಿನಕಾಯಿಯ ಹಾಗೆ. ಓದಿನಲ್ಲಿ ಸತ್ವವಿಲ್ಲದವರಿಗೆ ನೆಲ ತಣ್ಣಗಾಗುತ್ತದೆ, ಅಷ್ಟೇ. ಅಂಥವರು ಓದುತ್ತಿರುವಾಗ ಜನ ಒಬ್ಬೊಬ್ಬರಾಗಿ ಕಂಬಳಿ ತೆಗೆದು ಮಡಚುವ ಸದ್ದು ಕೇಳಿಸುತ್ತದೆ. ಓದುವವರಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಓದುಮನೆಯ ನೆಲದಲ್ಲಿ ಗೇಣಗಲದ ಹಳಿಯಿದೆ. ಓದುಪೀಠದ ಮುಂದಿನಿಂದ ಹೊರಟು, ಕಂಬಗಳನ್ನು ಬಳಸಿ, ಕೇಳುವವರ ಸಾಲುಗಳ ನಡುವೆ ಹಾದು ಮತ್ತೆ ಪೀಠಕ್ಕೇ ಬಂದು ಸೇರುತ್ತದೆ. ಅದರ ಮೇಲೆ ಕೀಲಿ ಕೊಟ್ಟರೆ ನಡೆಯುವ ಪುಟ್ಟ ಎಂಜಿನ್, ಅದರ ಹಿಂದೆ ಒಂದೇ ಒಂದು ಡಬ್ಬಿ, ಡಬ್ಬಿಯ ಮೇಲೆ ಹಚ್ಚಿಟ್ಟ ಹಿತ್ತಾಳೆಯ ದೀಪ. ಓದಿನ ಮೊದಲ ಮಾತಿಗೆ ದೀಪ ಹೊರಡಬೇಕು. ಏಳು ಸುತ್ತು ಸುತ್ತಿ, ಕೊನೆಯ ಮಾತಿಗೆ ಮುಂಚೆ ಪೀಠಕ್ಕೆ ಮರಳಬೇಕು. ಓದು ನಡೆದಿರುವಾಗ ಹಳಿಗಾಗಲಿ ಗಾಡಿಗಾಗಲಿ ಯಾರೂ ಕೈ ತಾಗಿಸುವಂತಿಲ್ಲ. ಎಂಜಿನ್ನಿನ ಮೂತಿಗೆ ಕಣದಲ್ಲಿ ಕಾಳು ಬಳಿಯುವ ಗೋರೆಯಂಥ ತಗಡೊಂದನ್ನು ಕಟ್ಟಿರುತ್ತಾರೆ. ಹಿಮವನ್ನು ನೂಕುವುದಕ್ಕೆ ಅದೊಂದೇ ಆಸರೆ. ದೀಪ ನಡುದಾರಿಯಲ್ಲಿ ಸಿಕ್ಕಿಕೊಂಡು ಕೊನೆಯ ಮಾತು ಮುಗಿದುಹೋದರೆ ಪುಸ್ತಕ ಕಟ್ಟಿಡುತ್ತಾರೆ. ಓದುತ್ತಿದ್ದವರು ಪೀಠದಿಂದ ಇಳಿಯುತ್ತಾರೆ, ಮತ್ತೆಂದೂ ಏರುವುದಿಲ್ಲ. ಮರುವರ್ಷ ಬೇರೊಬ್ಬರು ಮೊದಲ ಸಂಧಿಯಿಂದ ಶುರು ಮಾಡುತ್ತಾರೆ.

ಕಾವ್ಯಕ್ಕೆ ಇಪ್ಪತ್ತು ಸಂಧಿ, ದಿನಕ್ಕೊಂದು. ಒಂದೊಂದು ಸಂಧಿಯ ಹಾಳೆಗಳನ್ನೂ ಹಳದಿ ದಾರದಿಂದ ಕಟ್ಟಿದೆ. ಅದರ ದಿನ ಬಂದಾಗಲೇ ಬಿಚ್ಚುವುದು. ಕದ್ದು ನೋಡಿದವರಿಲ್ಲ. ಕಣ್ಣಿನಿಂದ ಓದಿಕೊಂಡದ್ದನ್ನು ನಮ್ಮೂರಿನಲ್ಲಿ ಓದು ಅನ್ನುವುದಿಲ್ಲ. ಹೀಗಾಗಿ ಈ ಓದು ಶುರುವಾದ ಮೂವತ್ತೊಂದು ವರ್ಷಗಳಲ್ಲಿ ಹದಿನಾರನೆಯ ಸಂಧಿಯ ಆಚೆಗೆ ಏನಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಐದನೆಯ ಸಂಧಿಯಲ್ಲಿ ಗುಣಧರ ದೋಣಿ ಹತ್ತಿ ಹೋಗುತ್ತಾನೆ. ಅವನ ಅಕ್ಕ ಸೋಮಲೆ ಹುಡುಕಿಕೊಂಡು ಹೊರಟು, ಹದಿನಾರನೆಯದರ ಹೊತ್ತಿಗೆ ಸಮುದ್ರದ ದಡಕ್ಕೆ ಬರುತ್ತಾಳೆ. ಅಲ್ಲಿಗೆ ಹಿಮ ಮೊಣಕಾಲು ಮುಟ್ಟಿ ದೀಪ ನಿಂತುಬಿಡುತ್ತದೆ. ನಮ್ಮ ಬೀದಿಯೊಂದರಲ್ಲೇ ನಾಲ್ವರು ಗುಣಧರರಿದ್ದಾರೆ, ಹುಡುಗಿಯರಲ್ಲಿ ಸೋಮಲೆಯರಿಗೆ ಲೆಕ್ಕವಿಲ್ಲ. ಹದಿನೇಳನೆಯ ಸಂಧಿಯಲ್ಲಿ ಯಾರಾದರೂ ಹೊಸಬರು ಬರುತ್ತಿದ್ದರೆ ಅವರ ಹೆಸರಿನ ಮಗು ಊರಿನಲ್ಲಿ ಒಂದೂ ಇಲ್ಲ.

ಓದುವವರೂ ಬುದ್ಧಿವಂತರಾಗಿದ್ದರು. ಹಿಮ ಕಡಿಮೆ ಬಿದ್ದರೆ ದೀಪ ನಿಲ್ಲುವುದಿಲ್ಲ, ಸಪ್ಪಗೆ ಓದಿದರೆ ಹಿಮ ಕಡಿಮೆ. ಆದರೆ ಹನ್ನೆರಡರಿಂದಾಚೆಗೆ ಕಥೆಯೇ ಅಂಥದ್ದು. ಎಷ್ಟು ಸಪ್ಪಗೆ ಓದಿದರೂ ಅದು ತಾನಾಗಿ ತುಂಬಿಕೊಂಡು ಬರುತ್ತದೆ. ಜೋರಾಗಿ ಓದಿದವರು ಒಂಬತ್ತಕ್ಕೆ ಸೋಲುತ್ತಿದ್ದರು, ಮೆಲ್ಲಗೆ ಓದಿದವರು ಹದಿನಾರಕ್ಕೆ.

ನಾನು ವೀರಾಚಾರಿ. ಹೊಲಿಗೆ ಮಷಿನ್ನು, ಟೇಪ್ ರೆಕಾರ್ಡರು, ಮಿಕ್ಸಿ ರಿಪೇರಿ ಮಾಡುತ್ತೇನೆ. ಓದುವ ಕಂಠ ನನಗಿಲ್ಲ; ಇದ್ದಿದ್ದರೆ ಎಂದು ಆಸೆಪಟ್ಟದ್ದೂ ಇಲ್ಲ. ತಾಯಿಯ ಮಡಿಲಲ್ಲಿ ಕೂತು ಕೇಳಿದೆ, ತಂದೆಯ ಪಕ್ಕದಲ್ಲಿ ಕೂತು ಕೇಳಿದೆ, ಈಗ ಮೂರನೆಯ ಸಾಲಿನ ಕಂಬಕ್ಕೆ ಒರಗಿಕೊಂಡು ಕೇಳುತ್ತೇನೆ. ದೇವರು ಕೆಲವರಿಗೆ ಬಾಯಿ ಕೊಡುತ್ತಾನೆ, ಕೆಲವರಿಗೆ ಕಿವಿ. ಹದಿನಾರು ಸಂಧಿ ನನಗೆ ಕಂಠಪಾಠ. ಆದರೂ ಪ್ರತಿ ವರ್ಷ ಸೋಮಲೆ ಸಮುದ್ರ ನೋಡುವ ಪದ್ಯಕ್ಕೆ ನನ್ನ ಎದೆಯಲ್ಲಿ ಏನೋ ಎದ್ದು ನಿಲ್ಲುತ್ತದೆ, ಮುಂದಿನ ಮಾತಿಗೆ ಕೈಚಾಚುತ್ತದೆ. ಅಷ್ಟರಲ್ಲಿ ಪುಸ್ತಕ ಕಟ್ಟುತ್ತಾರೆ. ಮೂವತ್ತೈದು ದಾಟಿದ ಮೇಲೆ ನನಗೆ ಉಳಿದಿದ್ದ ಆಸೆ ಒಂದೇ: ಕೊನೆಯನ್ನು ಕೇಳಬೇಕು.

ಆ ವರ್ಷ ಪೀಠ ನೀಲಾಂಬಿಕೆಯವರಿಗೆ ಬಂತು. ಅವರು ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡಿ ತೆಗೆದುಕೊಳ್ಳುವವರು. ಕ್ಯಾನು ಬಂದ ಕೂಡಲೇ ಮೂಸಿ ನೋಡಿ, ಗಾಜಿನ ಕೊಳವೆಯಲ್ಲಿ ಅಲುಗಿಸಿ, "ಇದು ಬೇಡ, ವಾಪಸ್ ತಗೊಂಡು ಹೋಗಿ" ಎನ್ನುವ ಹೆಂಗಸು. ಪುಷ್ಯ ಕಳೆಯಲು ಇನ್ನೂ ಇಪ್ಪತ್ತು ದಿನವಿರುವಾಗ ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದರು. ಸ್ಟೂಲು ಕೊಟ್ಟರೂ ಕೂರಲಿಲ್ಲ.

"ವೀರಾಚಾರ್ರೇ, ಈ ಸಲ ಪೀಠ ನನಗೆ. ಗೊತ್ತಲ್ಲ?"

"ಗೊತ್ತಮ್ಮ. ಊರಿಗೆಲ್ಲ ಗೊತ್ತು."

"ಊರೆಲ್ಲ ಏನಂತಿದೆ, ಅದನ್ನೂ ಹೇಳಿ."

ನಾನು ಕೈಯಲ್ಲಿದ್ದ ಬಾಬಿನ್ನನ್ನು ನೋಡಿದೆ. "ಏಳು ದಾಟಲ್ಲ ಅಂತಿದಾರೆ."

"ಏಳಾ? ನನ್ನ ನಾದಿನಿ ಐದು ಅಂದ್ಲು. ಹೊರಗಿನೋರೇ ವಾಸಿ," ಎಂದು ನಕ್ಕರು. "ನಿನ್ನೆ ಯಜಮಾನ್ರು ಡೈರಿಗೇ ಬಂದಿದ್ರು. 'ನೀಲಮ್ಮಾ, ಸ್ವಲ್ಪ ಸಪ್ಪಗೆ ಓದು ತಾಯಿ. ಸಾಮಾನಿನ ಪಟ್ಟಿ ಓದೋ ಹಾಗೆ ಓದಿಬಿಡು, ಇಪ್ಪತ್ತೂ ದಾಟ್ತೀಯ' ಅಂದ್ರು. ಹಾಲಿಗೆ ನೀರು ಬೆರೆಸಿ ತಂದೋರನ್ನ ದಿನಾ ವಾಪಸ್ ಕಳಿಸೋಳು ನಾನು. ನಾನೇ ಬೆರೆಸಿ ಓದಲಾ?"

ಯಜಮಾನರೆಂದರೆ ಜವಳಿ ಅಂಗಡಿಯ ಮರಿಬಸಪ್ಪನವರು. ಓದುಮನೆಯ ಬೀಗದ ಕೈ, ಪುಸ್ತಕದ ಪೆಟ್ಟಿಗೆ, ದೀಪ ಬಂತೋ ಇಲ್ಲವೋ ಎಂದು ಹೇಳುವ ಅಧಿಕಾರ, ಮೂರೂ ಅವರದು. ಕೆಟ್ಟವರಲ್ಲ. ಮೂವತ್ತೊಂದು ವರ್ಷ ಒಂದೇ ತೀರ್ಪನ್ನು ಹೇಳಿ ಹೇಳಿ ದಣಿದವರು.

"ನನಗೆ ಸಣ್ಣಗೆ ಓದಕ್ಕೆ ಬರಲ್ಲ ಆಚಾರ್ರೇ," ಎಂದರು ನೀಲಮ್ಮ. "ನೀವು ನನಗೊಂದು ಗೋರೆ ಮಾಡಿಕೊಡಿ. ಈ ತಗಡಿಂದಲ್ಲ, ಮೋಟಾರಿಂದು. ನಮ್ಮ ಡೈರೀಲಿ ಕೆನೆ ತೆಗೆಯೋ ಯಂತ್ರ ತಿರುಗ್ತಾ ತಿರುಗ್ತಾ ಕೆನೇನ ಒಂದು ಕಡೆಗೆ ಎಸೆಯಲ್ವಾ, ಹಂಗೆ ಹಿಮಾನ ಎಸೀಬೇಕು. ಎಷ್ಟು ಬಿದ್ರೂ ಎಸೀಬೇಕು. ಆಗತ್ತಾ?"

"ಆಗತ್ತಮ್ಮ," ಎಂದೆ. ಅಂಥ ಪ್ರಶ್ನೆಗೆ ನಾನು ಯೋಚನೆ ಮಾಡಿ ಉತ್ತರ ಕೊಡುವವನಲ್ಲ. ಬಾಯಿ ಮೊದಲು ಒಪ್ಪಿಕೊಳ್ಳುತ್ತದೆ, ಆಮೇಲೆ ಕೈ ದಾರಿ ಹುಡುಕುತ್ತದೆ. ಇದುವರೆಗೆ ಹುಡುಕದೇ ಬಿಟ್ಟಿಲ್ಲ.

ಹಳೆಯ ಟೇಪ್ ರೆಕಾರ್ಡರಿನಿಂದ ಮೋಟಾರು ಬಿಚ್ಚಿದೆ. ಹಾಲಿನ ಪುಡಿಯ ಡಬ್ಬದ ತಗಡು ಕತ್ತರಿಸಿ ಆರು ರೆಕ್ಕೆ ಮಾಡಿದೆ, ಅದಕ್ಕೊಂದು ಗುಂಡನೆಯ ಗೂಡು, ಗೂಡಿನ ಎಡಗಡೆಗೆ ಹಿಮ ಹಾರಿಹೋಗಲು ಬಾಯಿ. ಕೆಳಗೆ ನಾಲ್ಕು ಚಕ್ರ. ಕೀಲಿಯ ಎಂಜಿನ್ನಿನ ಮುಂದೆ ಇದನ್ನು ಕೊಂಡಿ ಹಾಕಿ ನಿಲ್ಲಿಸಿದರೆ ಎಂಜಿನ್ ಇದನ್ನು ನೂಕಿಕೊಂಡು ಹೋಗಬೇಕು, ಇದರ ರೆಕ್ಕೆ ತನ್ನಷ್ಟಕ್ಕೆ ತಿರುಗುತ್ತ ದಾರಿ ಮಾಡಬೇಕು. ಕರೆಂಟು ಹಳಿಯ ಮೂಲಕವೇ ಬರಬೇಕು. ಅದರ ಇನ್ನೊಂದು ತುದಿ ನಾನು ಕೂರುವ ಕಂಬದ ಬುಡದಲ್ಲಿ, ಹೊಲಿಗೆ ಮಷಿನ್ನಿನ ಪೆಡಲಿಗೆ. ಪೆಡಲು ಒತ್ತಿದಷ್ಟು ರೆಕ್ಕೆಗೆ ವೇಗ. ಕೈ ಎಲ್ಲಿಯೂ ತಾಗಿಸುವ ಹಾಗಿಲ್ಲ ತಾನೇ? ಕಾಲಿನ ಬಗ್ಗೆ ಯಾವ ಕಟ್ಟಳೆಯೂ ಇಲ್ಲ.

ಪರೀಕ್ಷೆಗೆ ಹಿಮ ಬೇಕಲ್ಲ. ಓದುಮನೆಯ ಬೀಗ ಮಾಘದ ಪಾಡ್ಯಕ್ಕೆ ಮೊದಲು ತೆಗೆಯುವುದಿಲ್ಲ, ಬೇರೆ ಕಡೆ ಎಷ್ಟು ಓದಿದರೂ ಬೀಳುವುದಿಲ್ಲ. ಅಡಿಗೆಮನೆಯಿಂದ ಎರಡು ಸೇರು ಇಡ್ಲಿರವೆ ತಂದು ಅಂಗಡಿಯಲ್ಲಿ ಹಾಕಿಕೊಂಡಿದ್ದ ತುಂಡು ಹಳಿಯ ಮೇಲೆ ಸುರಿದೆ. ಗೋರೆ ಗುಂಯ್ ಎಂದು ನುಗ್ಗಿ ಅಷ್ಟನ್ನೂ ಗೋಡೆಗೆ ಎರಚಿತು. ಮಾರನೆಯ ದಿನ ಇನ್ನೆರಡು ಸೇರು. ನನ್ನ ಹೆಂಡತಿ ಅನ್ನಪೂರ್ಣೆ ಖಾಲಿ ಡಬ್ಬ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತಳು. "ಬೆಳಿಗ್ಗೆಗೆ ಇಡ್ಲಿ ಬೇಕಾದ್ರೆ ಗೋಡೆ ಹತ್ರ ತಟ್ಟೆ ಇಟ್ಟುಕೊಂಡು ಕೂತ್ಕೊಳ್ಳಿ. ಅಲ್ಲೇ ಇದೆ ಎಲ್ಲಾ," ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಒಂದು ಕಾಳೂ ಹಳಿಯ ಮೇಲೆ ಉಳಿದಿರಲಿಲ್ಲ. ನನಗೆ ಕಂಡದ್ದು ಅದೊಂದೇ.

ಮಾಘ ಬಂತು. ಮೊದಲ ದಿನ ನೀಲಮ್ಮ ಪೀಠದಲ್ಲಿ ಕೂತು, ಕೈಮುಗಿದು, ದಾರ ಬಿಚ್ಚಿ ದನಿ ತೆಗೆದದ್ದೇ ತಡ, ನಾಲ್ಕು ಪದ್ಯ ಕಳೆಯುವುದರೊಳಗೆ ನಾಲ್ಕು ಬೆರಳು ಹಿಮ. ಮೊದಲ ಸಂಧಿಗೆ ಅಷ್ಟು ಬಿದ್ದದ್ದನ್ನು ನಾನು ಕಂಡಿರಲಿಲ್ಲ. ನಾನು ಪೆಡಲು ಒತ್ತಿದೆ. ಗೋರೆ ಎಚ್ಚರಗೊಂಡು, ಮೂತಿಯಿಂದ ಹಿಮದ ಬಿಲ್ಲೊಂದನ್ನು ಚಿಮ್ಮಿಸುತ್ತ ಕಂಬ ಸುತ್ತಿಕೊಂಡು ಬಂತು. ಎಡಸಾಲಿನ ಮುದುಕರು ಛತ್ರಿ ಬಿಡಿಸಿದರು. ಎರಡನೆಯ ಸುತ್ತಿನಲ್ಲಿ ಮರಿಬಸಪ್ಪನವರ ಮೀಸೆಯ ತುಂಬ ಹಿಮ. ಅವರು ಶಲ್ಯದಿಂದ ಒರೆಸಿಕೊಂಡು, "ಕೈ ತಾಗಿಸಿಲ್ಲ ತಾನೇ?" ಎಂದು ನನ್ನತ್ತ ಸನ್ನೆ ಮಾಡಿ ಕೇಳಿದರು. ನಾನು ಎರಡೂ ಕೈ ಎತ್ತಿ ತೋರಿಸಿದೆ. ದೀಪ ಹೊತ್ತಿಗೆ ಮುಂಚೆಯೇ ಪೀಠ ಮುಟ್ಟಿತು.

ಏಳು ದಾಟುವುದಿಲ್ಲ ಎಂದವರು ಏಳನೆಯ ದಿನ ತಪ್ಪದೆ ಬಂದು ಕೂತರು. ಅವತ್ತು ನಾನು ಮೊದಲಿನಿಂದ ಕೊನೆಯವರೆಗೂ ಪೆಡಲಿನ ಮೇಲಿನ ಕಾಲು ತೆಗೆಯಲಿಲ್ಲ. ದೀಪ ಹಾಯಾಗಿ ಏಳು ಸುತ್ತು ಮುಗಿಸಿತು. ಜನ ಬಂದು ನನ್ನ ಬೆನ್ನು ತಟ್ಟಿದರು. "ಈ ಸಲ ಕೊನೆ ಮುಟ್ಟಿಸ್ತೀರಿ ಬಿಡಿ ಆಚಾರ್ರೇ," ಎಂದರು ಮರಿಬಸಪ್ಪನವರು. ಅವರ ದನಿಯಲ್ಲೂ ಆಸೆ ಇತ್ತು. ನಾನು ಗೋರೆಯನ್ನು ಬಟ್ಟೆಯಿಂದ ಒರೆಸುತ್ತ ಕೂತಿದ್ದೆ. ಎಲ್ಲರೂ ಹೋದ ಮೇಲೆ ನೀಲಮ್ಮ ಪೀಠದಿಂದ ಇಳಿದು ಬಂದು ಎದುರಿಗೆ ಕೂತರು.

"ಇವತ್ತು ಸೋಮಲೆ ಅಂಬಿಗನನ್ನ ಏನು ಕೇಳಿದ್ಲು ಆಚಾರ್ರೇ?"

"ತಮ್ಮ ಯಾವ ದೋಣಿ ಹತ್ತಿದ ಅಂತ."

"ಅದು ಹೋದ ವರ್ಷದ ಉತ್ತರ. ಅದಕ್ಕೂ ಹಿಂದಿನ ವರ್ಷದ್ದೂ ಅದೇ. ಇವತ್ತು ಹೇಗೆ ಕೇಳಿದ್ಲು? ಬೇಡಿಕೊಂಡ್ಲಾ? ಗದರಿಸಿದ್ಲಾ?"

ನನ್ನ ಕಿವಿಯೊಳಗೆ ಗುಂಯ್ ಎನ್ನುವುದೊಂದೇ ಇತ್ತು.

"ಹಿಮ ಎಷ್ಟು ಬಿದ್ದಿದೆ ನೋಡಿ," ಎಂದರು. ನೋಡಿದೆ. ಒಂದು ಬೆರಳಿತ್ತು. ಮೊದಲ ದಿನ ನಾಲ್ಕು ಬೆರಳು ಬೀಳಿಸಿದ್ದವರ ಓದಿಗೆ ಏಳನೆಯ ದಿನ ಒಂದು ಬೆರಳು. ಹಳಿ ಅಷ್ಟು ಚೊಕ್ಕಟವಾಗಿದ್ದದ್ದು ನನ್ನ ಗೋರೆಯ ಜಾಣತನದಿಂದ ಅಂದುಕೊಂಡಿದ್ದೆ. ಯಾರಿಗೂ ಏನೂ ಕೇಳಿಸದಿದ್ದ ಮೇಲೆ ಹಿಮ ಯಾಕಾದರೂ ಬೀಳಬೇಕು?

"ಯಜಮಾನ್ರು ಸಪ್ಪಗೆ ಓದು ಅಂದ್ರು. ನಾನು ಖಾರವಾಗೇ ಓದಿದೆ, ನೀವು ಅದನ್ನ ಸಪ್ಪೆ ಮಾಡಿ ಬಡಿಸಿದ್ರಿ," ಎಂದರು ನೀಲಮ್ಮ. ಕೋಪದಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಹಾಲಿನ ಕ್ಯಾನು ವಾಪಸ್ ಕಳಿಸುವಾಗಿನ ದನಿ ಅದು. "ಕೊನೆ ಮುಟ್ಟೋದು ದೊಡ್ಡದಲ್ಲ ಆಚಾರ್ರೇ. ಅಲ್ಲಿ ಹೋಗಿ ಕಿವುಡರ ಮುಂದೆ ಓದೋದಾದ್ರೆ ನಾಳೇನೇ ಇಳಿದುಬಿಡ್ತೀನಿ."

ಆ ಸಂಜೆ ನಾನು ಊಟ ಮಾಡಲಿಲ್ಲ. ಜೀವಮಾನವೆಲ್ಲ ಕೇಳುವುದೇ ನನ್ನ ಪೂಜೆ ಅಂದುಕೊಂಡವನು, ಒಂದು ವಾರ ದೇವರಿಗೆ ಬೆನ್ನು ಹಾಕಿ ಕೂತ ಹಾಗಾಗಿತ್ತು. ಅನ್ನಪೂರ್ಣೆ ಏನೂ ಕೇಳದೆ ಒಂದು ಲೋಟ ಹಾಲು ತಂದಿಟ್ಟು, "ನಿಮ್ಮ ಗೋರೆಗೆ ಉಸಿರು ಬಿಡೋದನ್ನ ಹೇಳಿಕೊಡಿ. ಒಂದೇ ಸಮ ಗೊರಕೆ ಹೊಡೆಯುತ್ತೆ, ನಿಮ್ಮ ಹಾಗೇ," ಎಂದಳು. ಅವಳು ತಮಾಷೆಗೆ ಅಂದದ್ದು. ನಾನು ಲೋಟ ಕೆಳಗಿಟ್ಟು ಗೋರೆಯನ್ನು ಬಿಚ್ಚಲು ಕೂತೆ.

ಪದ್ಯಕ್ಕೂ ಪದ್ಯಕ್ಕೂ ನಡುವೆ ಬಿಡುವಿರುತ್ತದೆ. ಓದುವವರು ಉಸಿರು ತೆಗೆದುಕೊಂಡು, ಒಂದು ಗುಟುಕು ನೀರು ಕುಡಿದು, ಹಾಳೆಯ ಮೇಲೆ ಬೆರಳು ಸರಿಸುವಷ್ಟು ಹೊತ್ತು. ಆಗ ಮಾತ್ರ ಗೋರೆ ಓಡಬೇಕು. ಪದ್ಯ ನಡೆದಿರುವಾಗ ಸುಮ್ಮನೆ ನಿಂತಿರಬೇಕು; ರೆಕ್ಕೆ ನಿಂತರೆ ಮುಂದಿನ ಹಿಮವೇ ಎಂಜಿನ್ನನ್ನೂ ತಡೆದು ಹಿಡಿಯುತ್ತದೆ. ಬಿಡುವು ಸಿಕ್ಕ ಕೂಡಲೇ ಬಕಬಕ ತಿಂದುಕೊಂಡು ಮುಂದೆ ಹೋಗಬೇಕು. ಕಬ್ಬಿಣದ ಹಲ್ಲಿನ ಚಕ್ರ ತೆಗೆದು ಹೊಲಿಗೆ ಮಷಿನ್ನಿನ ನೈಲಾನ್ ಚಕ್ರ ಹಾಕಿದೆ. ಮೋಟಾರಿನ ಕೆಳಗೆ ಸೈಕಲ್ ಟ್ಯೂಬಿನ ತುಂಡು ಕೊಟ್ಟೆ. ಗೊರಕೆ ಗುನುಗಾಯಿತು. ಮರುದಿನ ನೀಲಮ್ಮನವರಿಗೆ ಹೇಳಿದಾಗ ಅವರು, "ನನ್ನ ಪದ್ಯ ಎಲ್ಲಿ ಮುಗಿಯತ್ತೆ ಅಂತ ನಿಮ್ಮ ಕಾಲಿಗೆ ಗೊತ್ತಾಗತ್ತಾ?" ಎಂದು ಕೇಳಿದರು.

"ಹದಿನಾರರವರೆಗೆ ನಿದ್ದೇಲಿ ಬೇಕಾದ್ರೂ ಹೇಳ್ತೀನಿ."

"ಆಮೇಲೆ?"

"ಆಮೇಲೂ ಅಮ್ಮ. ಷಟ್ಪದಿ ತಾನೇ," ಎಂದೆ.

ಎಂಟರಿಂದ ಹದಿನಾರರವರೆಗಿನ ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನೀಲಮ್ಮ ನೀರು ಬೆರೆಸದೆ ಓದಿದರು. ಹಿಮ ನಾಲ್ಕು ಬೆರಳಾಯಿತು, ಗೇಣಾಯಿತು, ಗೋಣಿತಾಟು ಹುಡುಕಿದರೂ ಸಿಗದಂತಾಯಿತು. ಮುದುಕರ ಛತ್ರಿಗಳು ಬಗ್ಗಿದವು. ಪದ್ಯ ಮುಗಿದು ಎಲ್ಲರೂ ಉಸಿರು ಬಿಟ್ಟಾಗ ಗೋರೆ ಗುನುಗುತ್ತ ಒಂದು ಕಂಬದ ದೂರ ಹೋಗುವುದು, ನೀಲಮ್ಮ ದನಿ ತೆಗೆದಾಗ ನಿಲ್ಲುವುದು. ಎರಡು ದಿನ ಕಳೆಯುವುದರೊಳಗೆ ಜನಕ್ಕೆ ಅದು ಎಷ್ಟು ರೂಢಿಯಾಯಿತೆಂದರೆ, ಕೆಮ್ಮುವವರು, ಮೂಗು ಒರೆಸುವವರು, ಮಗುವನ್ನು ಆಚೆ ಮಡಿಲಿನಿಂದ ಈಚೆ ಮಡಿಲಿಗೆ ಹಾಕಿಕೊಳ್ಳುವವರು ಎಲ್ಲರೂ ಗೋರೆಯ ಹೊತ್ತಿಗೇ ಕಾದಿಟ್ಟುಕೊಳ್ಳುತ್ತಿದ್ದರು. ನಾನು ಕೇಳುತ್ತಿದ್ದೆ. ಕಾಲು ತನ್ನ ಕೆಲಸ ಮಾಡುತ್ತಿತ್ತು, ಕಿವಿ ತನ್ನದು. ಹದಿನಾರನೆಯ ದಿನ ಸೋಮಲೆ ದಡಕ್ಕೆ ಬಂದು ನಿಂತಳು, ದೀಪವೂ ಪೀಠಕ್ಕೆ ಬಂದು ನಿಂತಿತು. ಮರಿಬಸಪ್ಪನವರು "ದೀಪ ಬಂತು" ಎಂದು ಹೇಳಬೇಕಿತ್ತು. ಹೇಳಲು ಎದ್ದವರು ದೀಪಕ್ಕೆ ಕೈಮುಗಿದು ಕೂತುಬಿಟ್ಟರು.

ಹದಿನೇಳನೆಯ ದಿನ ಊರಿನ ಅಂಗಡಿಗಳು ಮುಚ್ಚಿದ್ದವು. ದಾರದ ಗಂಟು ಮೂವತ್ತೊಂದು ವರ್ಷದಿಂದ ಬಿಗಿದುಕೊಂಡು ಕಲ್ಲಾಗಿತ್ತು. ನೀಲಮ್ಮ ಎರಡು ಸಲ ಉಗುರಿನಿಂದ ನೋಡಿ, ಆಮೇಲೆ ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಅಲ್ಲಿಂದ ಮುಂದೆ ನನ್ನ ಕಂಠಪಾಠ ಮುಗಿದಿತ್ತು. ಪ್ರತಿ ಮಾತೂ ಹೊಸದು. ನೀಲಮ್ಮನವರಿಗೆ ಧೈರ್ಯವಾಗಿ ಹೇಳಿಬಿಟ್ಟಿದ್ದೆನಲ್ಲ, ಈಗ ಛಂದಸ್ಸನ್ನೇ ಹಿಡಿದುಕೊಂಡು ನಡೆಯಬೇಕಾಯಿತು. ಎರಡು ಸಾಲು ಗಿಡ್ಡ, ಮೂರನೆಯದು ಉದ್ದ. ಮತ್ತೆರಡು ಗಿಡ್ಡ, ಆರನೆಯದು ಉದ್ದ. ಆರನೆಯದರ ತುದಿಯಲ್ಲಿ ದನಿ ಒಂದು ಮೆಟ್ಟಿಲು ಇಳಿದು ಕೂರುತ್ತದೆ. ಒಂದು ಸಲ ಮಾತ್ರ ಮೂರನೆಯ ಸಾಲಿಗೇ ಮೋಸ ಹೋಗಿ ಪೆಡಲು ಒತ್ತಿಬಿಟ್ಟೆ. ಗೋರೆ ಪದ್ಯದ ನಡುಮಧ್ಯೆ ಗುಂಯ್ ಎಂದಿತು. ಊರಿಗೂರೇ ತಿರುಗಿ ನನ್ನನ್ನು ನೋಡಿದ ನೋಟ! ಗರ್ಭಗುಡಿಗೆ ಚಪ್ಪಲಿ ಹಾಕಿಕೊಂಡು ಹೋದವನನ್ನು ಹಾಗೆ ನೋಡುತ್ತಾರೆ. ಆಮೇಲೆ ತಪ್ಪಲಿಲ್ಲ. ಹದಿನೆಂಟು, ಹತ್ತೊಂಬತ್ತು ದಾಟಿದೆವು.

ಇಪ್ಪತ್ತನೆಯ ದಿನ ಮೂರು ಗಂಟೆಗೆ ಓದು ಶುರುವಾಯಿತು. ಐದು ಸುತ್ತು ಸಲೀಸಾಗಿ ಮುಗಿದವು. ಸೋಮಲೆ ದಡದ ಮರಳಿನ ಮೇಲೆ ಒಬ್ಬಳೇ ಉಳಿದ ಮೇಲೆ ಹಿಮದ ಬಗೆ ಬದಲಾಯಿತು. ಇಷ್ಟು ದಿನ ರವೆಯಂತೆ, ಕಾಯಿತುರಿಯಂತೆ ಬೀಳುತ್ತಿದ್ದದ್ದು ಈಗ ನೆನೆಸಿ ರುಬ್ಬಿದ ಅಕ್ಕಿಹಿಟ್ಟಿನ ಹಾಗೆ ಮುದ್ದೆಮುದ್ದೆಯಾಗಿ, ಭಾರವಾಗಿ ಬೀಳತೊಡಗಿತು. ಬಿದ್ದಲ್ಲಿ ಅಂಟಿಕೊಳ್ಳುತ್ತಿತ್ತು. ನನ್ನ ತಪ್ಪು ನನಗೆ ಆ ಕ್ಷಣಕ್ಕೆ ಗೊತ್ತಾಯಿತು. ಆರು ರೆಕ್ಕೆಯ ಓರೆಯನ್ನೂ ನಾನು ಇಡ್ಲಿರವೆಗೆ ಹೊಂದಿಸಿದ್ದೆ. ದುಃಖಕ್ಕೆ ಹೊಂದಿಸಿರಲಿಲ್ಲ. ಅಂಥದ್ದನ್ನು ನಾವ್ಯಾರೂ ಕೇಳಿಯೇ ಇರಲಿಲ್ಲವಲ್ಲ.

ಬಿಡುವಿನಲ್ಲಿ ಪೆಡಲು ಒತ್ತಿದರೆ ಗೋರೆಯ ಗುನುಗು ಒಂದೊಂದು ಸ್ವರ ಕೆಳಗಿಳಿಯುತ್ತ ಹೋಯಿತು. ಆರನೆಯ ಸುತ್ತು ಹೇಗೋ ಆಯಿತು. ಏಳನೆಯದರಲ್ಲಿ ಕಂಬಕ್ಕೊಮ್ಮೆ ನಿಂತು ಏದುಸಿರು ಬಿಟ್ಟಿತು. ಕೊನೆಯ ತಿರುವು ದಾಟಿ, ಪೀಠ ಇನ್ನು ಎರಡು ಮೊಳ ಇದೆ ಅನ್ನುವಾಗ ಗೂಡಿನ ತುಂಬ ಹಿಮ ಕಚ್ಚಿಕೊಂಡು ರೆಕ್ಕೆ ನಿಂತೇಬಿಟ್ಟಿತು. ಹಿಂದೆ ಎಂಜಿನ್ ನೂಕುತ್ತ ನಡುಗುತ್ತಿತ್ತು. ಡಬ್ಬಿಯ ಮೇಲೆ ದೀಪ ನಡುಗುತ್ತಿತ್ತು.

ತಲೆಯೆತ್ತಿ ನೋಡಿದರೆ ನೀಲಮ್ಮ ಹಳದಿ ದಾರವನ್ನು ಬಲಗೈಗೆ ಸುತ್ತಿಕೊಳ್ಳುತ್ತಿದ್ದರು. ಕೊನೆಯ ಪದ್ಯ ಬಂತೆಂದು ಅದರ ಅರ್ಥ. ಒಂದು ಪದ್ಯದ ಮಾತು, ಅದರೊಳಗೆ ಬಿಡುವಿಲ್ಲ. ಪೆಡಲು ಒತ್ತಿದರೆ ಮೂವತ್ತೊಂದು ವರ್ಷ ಕಾದ ಕೊನೆಯ ಮಾತು ಯಾರಿಗೂ ಕೇಳಿಸುವುದಿಲ್ಲ. ಒತ್ತದಿದ್ದರೆ ಕೇಳಿಸುತ್ತದೆ, ಆದರೆ ದೀಪ ಬರುವುದಿಲ್ಲ. ನೀಲಮ್ಮ ಇಳಿಯುತ್ತಾರೆ, ಪುಸ್ತಕ ಕಟ್ಟುತ್ತಾರೆ. ನಾನು ಕಾಲನ್ನು ಪೆಡಲಿನ ಮೇಲೆ ಇಟ್ಟೆ. ತೆಗೆದೆ. ನೀಲಮ್ಮ ದನಿ ತೆಗೆದರು.

"ತೆರೆಯ ಮೇಲಣ ದೋಣಿ ಕಂಡಳು
ಕರೆಯಲಾರದೆ ನಿಂತು ನೋಡಿದ-
ಳಿರುಳು ಹಗಲಿನ ಗಡಿಯೊಳೆಲ್ಲಿಯ ಕೊರಳು ಕೇಳಿಸಿತು"

ಅಲ್ಲಿಗೆ ನಿಂತರು. ಅರ್ಧ ಪದ್ಯಕ್ಕೆ. ಇನ್ನೂ ಮೂರು ಸಾಲಿದೆ ಎಂದು ಓದುಮನೆಯಲ್ಲಿ ಕೂತ ಮಕ್ಕಳಿಗೂ ಗೊತ್ತು. ನೀಲಮ್ಮ ಹಾಳೆಯ ಮೇಲೆ ಬೆರಳಿಟ್ಟುಕೊಂಡು, ತುಟಿ ಮುಚ್ಚಿಕೊಂಡು, ನೇರವಾಗಿ ನನ್ನನ್ನೇ ನೋಡಿದರು. ಷಟ್ಪದಿಯನ್ನು ನಡುವೆ ಮುರಿದು ನಿಂತವರನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ಮರಿಬಸಪ್ಪನವರು ಎದ್ದು ನಿಂತರು. "ಏನಾಯ್ತಮ್ಮ? ಓದು."

ನೀಲಮ್ಮ ದೀಪದ ಕಡೆ ಕಣ್ಣು ಹಾಯಿಸಿದರು.

"ನಡುವೆ ನಿಲ್ಲಿಸೋ ಹಾಗಿಲ್ಲ ತಾಯಿ. ಕೊನೆ ಮಾತಿಗೆ ಮುಂಚೆ ದೀಪ..." ಎಂದು ಶುರುಮಾಡಿದವರು ಅಲ್ಲಿಗೇ ತಡವರಿಸಿದರು.

"ಕೊನೆ ಮಾತು ಇನ್ನೂ ಬಂದಿಲ್ಲವಲ್ಲ ಯಜಮಾನ್ರೇ," ಎಂದು ಹೆಂಗಸರ ಸಾಲಿನಿಂದ ಒಂದು ದನಿ. ಅನ್ನಪೂರ್ಣೆಯದು. "ಕೂತ್ಕೊಳ್ಳಿ, ದೀಪಕ್ಕೆ ಅಡ್ಡ ಆಗ್ತೀರಿ."

ಅವರು ಪೀಠವನ್ನು ನೋಡಿದರು, ದೀಪವನ್ನು ನೋಡಿದರು, ಮೂವತ್ತೊಂದು ವರ್ಷದ ಕಟ್ಟಳೆಯನ್ನೆಲ್ಲ ಒಮ್ಮೆ ಮನಸ್ಸಿನಲ್ಲೇ ತಿರುವಿ ಹಾಕಿದ ಹಾಗೆ ಕಂಡಿತು. ಆಮೇಲೆ ಮೆಲ್ಲಗೆ ಕೂತರು.

ದನಿ ನಿಂತಿದ್ದರಿಂದ ಹಿಮವೂ ನಿಂತಿತ್ತು. ನಾನು ಪೆಡಲು ಒತ್ತಿದೆ. ರೆಕ್ಕೆ ತಿರುಗಲಿಲ್ಲ, ಮೋಟಾರು ಬಿಸಿಯಾದ ವಾಸನೆ ಬಂತು. ಕಾಲು ತೆಗೆದು, ಕಂಬದ ಬುಡದಲ್ಲಿ ಬಗ್ಗಿ, ಪೆಡಲಿನ ಎರಡು ತಂತಿಗಳನ್ನು ಬಿಚ್ಚಿ ಅದಲುಬದಲು ಮಾಡಿ ಸಿಕ್ಕಿಸಿದೆ. ಈಗ ಒತ್ತಿದರೆ ರೆಕ್ಕೆ ಹಿಂದುಮುಂದಾಗಿ ಎಳೆಯಬೇಕು. ಮೆಲ್ಲಗೆ ಒತ್ತಿದೆ. ಕಟ್ ಎಂದಿತು. ಗೂಡಿನ ಬಾಯಿಂದ ಮುಷ್ಟಿಯಷ್ಟು ಹಿಮದ ಗಟ್ಟಿ ಹೊರಗೆ ಬಿತ್ತು. ಮತ್ತೆ ತಂತಿ ಬದಲಿಸಿ ಮುಂದಕ್ಕೆ. ಒಂದು ಬೆರಳಷ್ಟು ಸರಿಯಿತು. ಮತ್ತೆ ಕಚ್ಚಿಕೊಂಡಿತು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಕಾದ ತಂತಿ ಸುಡುತ್ತಿತ್ತು, ಆದರೂ ನನ್ನ ಬೆರಳುಗಳಿಗೆ ಅವಸರವಿರಲಿಲ್ಲ. ಅಂಗಡಿಯಲ್ಲಿ ಕೂತು ಕೆಲಸ ಮಾಡುವಾಗ ಇರುವಷ್ಟೇ ನೆಮ್ಮದಿ. ಯಾರೂ ಕೆಮ್ಮಲಿಲ್ಲ. ಗೋರೆಯ ಗುನುಗಿನ ಹೊತ್ತಿಗೆಂದು ಕಾದಿಟ್ಟುಕೊಂಡಿದ್ದ ಕೆಮ್ಮನ್ನೂ ಯಾರೂ ಹೊರಗೆ ಬಿಡಲಿಲ್ಲ. ಇಡೀ ಊರು, ಪೀಠದ ಮೇಲಿದ್ದ ನೀಲಮ್ಮನೂ ಸೇರಿ, ಆ ಪುಟ್ಟ ಮೋಟಾರಿನ ಸದ್ದನ್ನು ಕಿವಿಗೊಟ್ಟು ಕೇಳುತ್ತಿತ್ತು. ಅದು ಏಳುವುದನ್ನು, ತೊದಲುವುದನ್ನು, ನಿಲ್ಲುವುದನ್ನು, ಮತ್ತೆ ಏಳುವುದನ್ನು. ಮುಂದಿನ ಸಾಲಿನ ಮುದುಕರೊಬ್ಬರ ತಲೆ ತಾಳಕ್ಕೆ ತೂಗುತ್ತಿತ್ತು.

ಎಷ್ಟು ಹೊತ್ತಾಯಿತೋ ಹೇಳಲಾರೆ. ಬಾಗಿಲಿನಿಂದ ಒಳಗೆ ಬಿದ್ದಿದ್ದ ಬಿಸಿಲು ಒಂದು ಕಂಬದಿಂದ ಇನ್ನೊಂದಕ್ಕೆ ಸರಿದಿತ್ತು. ಕೊನೆಯ ಗೇಣನ್ನು ಗೋರೆ ಒಂದೇ ಉಸಿರಿಗೆ ತಿಂದು, ಮೂತಿಯನ್ನು ಪೀಠದ ಮರಕ್ಕೆ ಮೆಲ್ಲಗೆ ಗುದ್ದಿ ನಿಂತಿತು. ದೀಪ ಆರಿರಲಿಲ್ಲ. ನಾನು ಕಾಲು ತೆಗೆದೆ. ನೀಲಮ್ಮ ಬೆರಳನ್ನು ಮುಂದಿನ ಸಾಲಿಗೆ ಸರಿಸಿದರು. ಇಷ್ಟು ಹೊತ್ತು ಸುಮ್ಮನಿದ್ದ ಕೊರಳಿನಿಂದ ದನಿ ಮೊದಲಿಗಿಂತ ತಗ್ಗಿನಲ್ಲಿ, ಮೊದಲಿಗಿಂತ ತುಂಬಿಕೊಂಡು ಬಂತು.

"ಬರುವೆನೆಂದನೊ ಬಾರೆನೆಂದನೊ
ಅರಿಯದಾದಳು, ದೀಪ ಹಿಡಿದಳು
ಮರಳಿ ಬಂದರೆ ದಾರಿ ಕಾಣಲಿಯೆನುತ ಕಾದಿಹಳು"

ಆರನೆಯ ಸಾಲಿನ ತುದಿಯಲ್ಲಿ ದನಿ ಒಂದು ಮೆಟ್ಟಿಲು ಇಳಿದು ಕೂತಿತು. ನೀಲಮ್ಮ ಹಾಳೆ ಮಡಚಿದರು.

"ಅಷ್ಟೇನಾ?" ಎಂದರು ಮರಿಬಸಪ್ಪನವರು. ಮಗುವಿನ ದನಿಯಾಗಿತ್ತು ಅದು.

"ಅಷ್ಟೇ," ಎಂದರು ನೀಲಮ್ಮ.

ಯಾರೂ ಏಳಲಿಲ್ಲ. ದನಿ ನಿಂತರೆ ಹಿಮ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ತೊಲೆಗಳ ಕೆಳಗಿನಿಂದ ಅದು ಸದ್ದಿಲ್ಲದೆ ಇಳಿಯುತ್ತಲೇ ಇತ್ತು. ನಾನು ಬೆರಳು ಸುಟ್ಟುಕೊಂಡು ಬಿಡಿಸಿದ್ದ ಆ ಎರಡು ಮೊಳ ದಾರಿಯನ್ನು, ಅದರ ಹಿಂದಿನ ತಿರುವನ್ನು, ಕಂಬಕಂಬವನ್ನು ಸುತ್ತಿ ಬಂದಿದ್ದ ಹಳಿಯನ್ನು ಒಂದೊಂದಾಗಿ ಮುಚ್ಚಿಹಾಕಿತು. ಪೆಡಲು ನನ್ನ ಕಾಲಿನ ಹತ್ತಿರವೇ ಇತ್ತು. ಅದನ್ನು ಕಂಬದ ಆಚೆಗೆ ಸರಿಸಿ, ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡು ಕೂತೆ.